ಹದಿನಾಲ್ಕನೇ ಸಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ರಾಯಚೂರಿನವಳು, ಬಿಸಿಲಿನ ಊರು, ಏನು ಮಾಡುವುದು ಎಂದು ನಾನೇ ನಗುತ್ತಾ ಹೇಳಿಕೊಂಡು ತಿರುಗುತ್ತಿದ್ದೆ. ಆ ಒಂದು ವಾರದ ನಂತರ ಹಾಗೆ ನಗುತ್ತಾ ಹೇಳುವುದನ್ನು ಬಿಟ್ಟಿದ್ದೇನೆ. ಸಿಟ್ಟು ಮಾತ್ರ ಹೋಗಿಲ್ಲ. ಇದನ್ನು ಬರೆಯುವಾಗಲೂ ಇದೆ.

ಮಂಗಳವಾರ ಬೆಳಿಗ್ಗೆ ಗಚ್ಚಿಬೌಲಿಯ ನಮ್ಮ ಆಫೀಸಿನಲ್ಲಿ ಚಹಾದ ಕಪ್ಪು ಇನ್ನೂ ತುಟಿಗೆ ಹಚ್ಚಿರಲಿಲ್ಲ, ಉಪ್ಪಲ್‌ನಿಂದ ಫೋನ್ ಬಂತು. ಅಲ್ಲಿ ನಮ್ಮ ಗಿರಾಕಿಯಾದ ಒಂದು ಲ್ಯಾಬ್ ಸಂಸ್ಥೆಯ ಕಂಪ್ಯೂಟರ್ ಕೋಣೆ ಇದೆ. ಜಿಲ್ಲೆಗಳಲ್ಲಿರುವ ಅವರ ಕೇಂದ್ರಗಳಲ್ಲಿ ರಕ್ತ, ಮೂತ್ರ, ಗಡ್ಡೆಯ ತುಣುಕು ಪರೀಕ್ಷೆಯಾದ ಮೇಲೆ ವರದಿಯ ಫೈಲನ್ನು ಈ ಕೋಣೆಗೆ ತಲುಪಿಸುವ ಸಾಫ್ಟ್‌ವೇರ್ ನಮ್ಮದು. ಡಾಕ್ಟರುಗಳು ತಮ್ಮ ಫೋನಿನಲ್ಲೇ ಅದನ್ನು ತೆರೆದು ಓದುತ್ತಾರೆ.

"ಮೇಡಂ, ರಿಪೋರ್ಟಾಂ ನೈ ಖುಲ್‌ರೇ. ಸುಬೂ ಸೇ ಡಾಕ್ಟರಾಂ ಚಿಲ್ಲಾರೇ," ಎಂದಳು ಆ ಕೋಣೆಯನ್ನು ನೋಡಿಕೊಳ್ಳುವ ಹೆಣ್ಣುಮಗಳು. ವರದಿ ತೆರೆಯುತ್ತಿಲ್ಲ, ಬೆಳಗಿನಿಂದ ಡಾಕ್ಟರುಗಳು ಕೂಗಾಡುತ್ತಿದ್ದಾರೆ.

ನಾನು ಕೂತಲ್ಲೇ ಒಂದು ವರದಿ ತೆರೆದು ನೋಡಿದೆ. ತೆರೆಯಿತು. ಇನ್ನೊಂದು ತೆರೆದೆ, ಅದೂ ತೆರೆಯಿತು. ನಮ್ಮ ದಾಖಲೆಯಲ್ಲಿ ಪ್ರತಿಯೊಂದು ಫೈಲಿನ ಮುಂದೆಯೂ 'ತಲುಪಿತು' ಎಂದೇ ಇತ್ತು. ನಿಮ್ಮ ಡಾಕ್ಟರುಗಳ ಫೋನುಗಳು ಹಳೆಯವು, ಆರಿಸಿ ಹಚ್ಚಲು ಹೇಳಿ ಎಂದು ಬಿಸಿ ಬಿಸಿಯಾಗಿಯೇ ಹೇಳಿ ಫೋನಿಟ್ಟೆ. ಆ ಮಾತನ್ನು ಈಗ ನೆನೆದರೆ ನನ್ನ ನಾಲಿಗೆ ನಾನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಹನ್ನೊಂದರ ಹೊತ್ತಿಗೆ ಆಕೆ ಮತ್ತೆ ಐದು ಸಲ ಫೋನ್ ಮಾಡಿದ್ದಳು. ಆಗ ಮಾಸ್ತರ್ರು ಲ್ಯಾಪ್‌ಟಾಪ್ ಎದೆಗವಚಿಕೊಂಡು ನನ್ನ ಮೇಜಿಗೆ ಬಂದರು.

ಮಾಸ್ತರ್ರು ಎಂದರೆ ನಾನು ಮುಖ್ಯಸ್ಥೆಯಾಗಿದ್ದ ತಂಡದ ಅತಿ ಹೊಸಬರು, ಅತಿ ಹಿರಿಯರು. ಬೀದರ್ ಕಡೆಯವರು. ಹತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಹುಡುಗರು ಬರುವುದು ನಿಂತು ಕಾಲೇಜು ಬಾಗಿಲು ಹಾಕಿದಾಗ ನಲವತ್ತನಾಲ್ಕನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತು ಸಂದರ್ಶನಕ್ಕೆ ಬಂದಿದ್ದರು. ಬೇಡ ಎಂದವರೇ ಹೆಚ್ಚು, ನಾನೇ ಹಟ ಹಿಡಿದು ತೆಗೆದುಕೊಂಡಿದ್ದೆ. ಆರು ತಿಂಗಳ ಪರೀಕ್ಷಾ ಅವಧಿ. ಅದು ಆ ಶುಕ್ರವಾರಕ್ಕೆ ಮುಗಿಯುವುದಿತ್ತು. ಶುಕ್ರವಾರ ಅವರ ಕಡತದಲ್ಲಿ ಒಂದು ಕೆಟ್ಟ ಮಾತು ಇದ್ದರೆ ಕೆಲಸ ಹೋದಂತೆಯೇ, ಆ ವಯಸ್ಸಿನಲ್ಲಿ ಇನ್ನೊಬ್ಬರು ಕರೆಯುವುದಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಮೇಡಂ, ಒಂದ್ ನೋಡ್ರಿ," ಎಂದರು. "ಸೋಮವಾರ ಮಧ್ಯಾಹ್ನದ ತನಕ ಬಂದ ಫೈಲ್ ಎಲ್ಲಾ ಕಡೆ ತೆರೀತಾವ. ಆಮ್ಯಾಲೆ ಬಂದವು ಕಂಪ್ಯೂಟರಿನ್ಯಾಗ ತೆರೀತಾವ, ಫೋನಿನ್ಯಾಗ ತೆರಿಯಂಗಿಲ್ಲ."

ಸೋಮವಾರ ಮಧ್ಯಾಹ್ನ ನಮ್ಮ ಸಾಫ್ಟ್‌ವೇರಿನ ಹೊಸ ಆವೃತ್ತಿ ಎಲ್ಲ ಕೇಂದ್ರಗಳಿಗೂ ಹೋಗಿತ್ತು. ಅದರಲ್ಲಿ ನಾವು ಬರೆದದ್ದು ಒಂದು ಸಾಲೂ ಇರಲಿಲ್ಲ. ಇದ್ದದ್ದು ಒಂದೇ, ಕ್ಲೌಡ್ ಲೈಬ್ರರಿಯ ಅಪ್‌ಡೇಟ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಲೌಡಿಗೆ ಫೈಲ್ ಕಳಿಸುವ ಕೆಲಸವನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಯನ್ನು ತಂದು ಜೋಡಿಸಿಕೊಳ್ಳುತ್ತೇವೆ. ಬರೆದವರು ಸುಮ್ಮನೆ ಕೂರುವವರಲ್ಲ, ಎರಡು ದಿನಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತಲೇ ಇರುತ್ತಾರೆ. ಪ್ರತಿ ಆವೃತ್ತಿಗೂ ಮೂರು ಅಂಕಿಗಳ ಒಂದು ಸಂಖ್ಯೆ. ಹೊಸದು ಬಂದ ಕೂಡಲೇ ಬಾಟ್ ಎಂಬ ತಾನೇ ಓಡುವ ಪ್ರೋಗ್ರಾಂ ನಮ್ಮ ತಂಡಕ್ಕೆ ಕೋರಿಕೆ ಕಳಿಸುತ್ತದೆ, ಏನೇನು ಬದಲಾಗಿದೆ ಎಂಬ ಟಿಪ್ಪಣಿಯನ್ನೂ ಅಂಟಿಸುತ್ತದೆ. ಸರದಿಯಲ್ಲಿದ್ದವರು ಒಪ್ಪಿಗೆಯ ಗುಂಡಿ ಒತ್ತಬೇಕು. ದಿನಾ ಬೆಳಿಗ್ಗೆ ಏಳೆಂಟು ಬರುತ್ತವೆ. ನಾವು ಅದಕ್ಕೆ 'ಪ್ರಸಾದ' ಎನ್ನುತ್ತಿದ್ದೆವು. ಪ್ರಸಾದವನ್ನು ಯಾರೂ ಮೂಸಿ ನೋಡುವುದಿಲ್ಲ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಮೊದಲ ಅಂಕಿ ಬದಲಾದರೆ ಮೀಟಿಂಗ್ ಮಾಡಿ ಟೆಸ್ಟ್ ಮಾಡುವುದು, ನಡುವಿನದೋ ಕೊನೆಯದೋ ಬದಲಾದರೆ ಪ್ರಸಾದ, ಒತ್ತಿಬಿಡುವುದು. ಮೂರು ವರ್ಷದಿಂದ ಇದೇ ನಿಯಮ. ಒಮ್ಮೆಯೂ ಹೊಟ್ಟೆ ಕೆಟ್ಟಿರಲಿಲ್ಲ.

ಈ ಸಲ ಬದಲಾದದ್ದು ನಡುವಿನ ಅಂಕಿ.

ಕೆಟ್ಟ ಫೈಲನ್ನು ಎಲ್ಲರೂ ವರದಿಯಾಗಿಯೇ ತೆರೆದು ನೋಡುತ್ತಿದ್ದೆವು. ಮಾಸ್ತರ್ರು ಅದನ್ನು ಬರೀ ಅಕ್ಷರಗಳಾಗಿ ತೆರೆದರು. ವರದಿ ಶುರುವಾಗುವ ಮೊದಲು, ಎಲ್ಲಕ್ಕಿಂತ ಮೇಲೆ, ನಮ್ಮದಲ್ಲದ ಒಂದು ಸಾಲಿತ್ತು. ಸಿ, ಸಿ, ಐದು, ಇ. ಅಷ್ಟೇ.

"ಇದು ಹದಿನಾರರ ಲೆಕ್ಕ ಇದ್ದಂಗ ಐತ್ರಿ, ಹತ್ತಕ್ಕ ಎ, ಹನ್ನೊಂದಕ್ಕ ಬಿ, ಹಂಗ," ಎಂದು ನನ್ನ ಮೇಜಿನ ಮೇಲಿದ್ದ ಕಾಗದದ ಚೂರಿನ ಮೇಲೆ ಗುಣಿಸಿದರು. ಐವತ್ತೆರಡು ಸಾವಿರದ ಮುನ್ನೂರ ಹದಿನೆಂಟು. ಕೇಂದ್ರದಲ್ಲಿದ್ದ ಮೂಲ ಫೈಲಿನ ಗಾತ್ರ ನೋಡಿದೆವು. ಒಂದು ಬೈಟೂ ಹೆಚ್ಚುಕಡಿಮೆ ಇಲ್ಲ, ಅಷ್ಟೇ.

ಆಗ ಎಲ್ಲ ತಿಳಿಯಿತು. ಹೊಸ ಆವೃತ್ತಿಯು ಫೈಲ್ ಕಳಿಸುವಾಗ ದಾರಿಯಲ್ಲಿ ಕೆಡದಿರಲಿ ಎಂದು ಮುಂದೆ ಅದರ ಗಾತ್ರ, ಹಿಂದೆ ಒಂದು ತಾಳೆಯ ಸಂಖ್ಯೆ ಸೇರಿಸಿ ಕಳಿಸುತ್ತದೆ. ನಿಜವಾದ ಕ್ಲೌಡಿಗೆ ಇದು ಗೊತ್ತು, ತಾಳೆ ನೋಡಿ ತೆಗೆದುಹಾಕುತ್ತದೆ. ಆದರೆ ಉಪ್ಪಲ್‌ನವರು ನಮ್ಮ ಮಾಹಿತಿ ನಮ್ಮ ಕೋಣೆಯಲ್ಲೇ ಇರಲಿ ಎಂದು ಕ್ಲೌಡಿನಂತೆಯೇ ವರ್ತಿಸುವ ಸ್ವಂತ ಯಂತ್ರ ಇಟ್ಟುಕೊಂಡಿದ್ದಾರೆ. ಅದು ಹಳೆಯದು. ಪೊಟ್ಟಣದ ಚೀಟಿಯನ್ನೂ ಒಳಗಿನ ಸಾಮಾನಿನ ಜೊತೆಗೇ ಡಬ್ಬಿಗೆ ಸುರಿದು 'ತಲುಪಿತು' ಎಂದು ಹೇಳಿಬಿಟ್ಟಿದೆ. ಕಂಪ್ಯೂಟರು ಆ ಕಸವನ್ನು ಹಾರಿ ಮುಂದಿನದನ್ನು ಓದಿತು, ಫೋನು ಓದಲಾರೆ ಎಂದಿತು. ಸೋಮವಾರ ಮಧ್ಯಾಹ್ನದಿಂದ ಬಂದ ನಾನೂರು ಚಿಲ್ಲರೆ ವರದಿಗಳು ಹೀಗಾಗಿದ್ದವು.

ನೆತ್ತಿಗೇರಿತು ನನಗೆ. ಆ ಲೈಬ್ರರಿ ಬರೆದವರ ಮೇಲೆ, ಹಳೇ ಯಂತ್ರದ ಮೇಲೆ, ತಿಳಿಯದಿದ್ದರೂ ತಿಳಿಯಿತು ಎಂದ ಅದರ ಸೊಕ್ಕಿನ ಮೇಲೆ. ಟಿಪ್ಪಣಿ ತೆರೆದರೆ ಹದಿನಾಲ್ಕನೇ ಸಾಲಿನಲ್ಲಿ ಎಲ್ಲವೂ ಬರೆದಿದೆ: ತಾಳೆಯ ಸಂಖ್ಯೆ ಇನ್ನು ಮುಂದೆ ತಾನಾಗಿಯೇ ಸೇರುತ್ತದೆ, ಬೇಡವಾದರೆ ಇಂಥ ಸೆಟ್ಟಿಂಗ್ ಬದಲಿಸಿ. ಒಂದೇ ಸಾಲಿನ ಸೆಟ್ಟಿಂಗ್! ಇಷ್ಟು ದೊಡ್ಡ ಬದಲಾವಣೆಯನ್ನು ಹದಿನಾಲ್ಕನೇ ಸಾಲಿನಲ್ಲಿ ಯಾರಾದರೂ ಇಡುತ್ತಾರೆಯೇ? ಮೇಲಿನ ಹದಿಮೂರರಲ್ಲಿ ಯಾವುದೋ ಊರಿಗೆ ಹೊಸ ಸೇವೆ ಬಂದ ಸಮಾಚಾರ.

"ಯಾರ್ರೀ ಒತ್ತಿದ್ದು ಇದನ್ನ?" ಎಂದು ಎದ್ದು ನಿಂತು ಕೇಳಿದೆ. ಮೇಜುಗಳ ಇಡೀ ಸಾಲು ತಿರುಗಿ ನೋಡಿತು.

"ನಾನ್ರಿ," ಎಂದರು ಮಾಸ್ತರ್ರು. "ಹೋದ ಶುಕ್ರವಾರ ನನ್ನ ಸರದಿ ಇತ್ತು."

"ಓದಾಕ ಬರಂಗಿಲ್ಲೇನ್ರಿ ನಿಮಗ? ಹದಿನಾಲ್ಕ್ ಸಾಲು! ಹುಡುಗ್ರಿಗೆ ಪಾಠ ಹ್ಯಾಂಗ ಹೇಳಿದ್ರಿ ಇಷ್ಟ್ ವರ್ಷ?"

ಅವರು ಏನೋ ಹೇಳಲು ಬಾಯಿ ತೆರೆದರು. ನಂತರ, "ತಪ್ಪಾತ್ರಿ ಮೇಡಂ," ಎಂದಷ್ಟೇ ಹೇಳಿದರು. ಗಾಜಿನ ಕೋಣೆಯಿಂದ ನಮ್ಮ ಮ್ಯಾನೇಜರ್ ಹೊರಗೆ ಬಂದಿದ್ದರು. ವರಂಗಲ್ ಕಡೆಯವರು, ಮಾತು ಕಡಿಮೆ. "ಎವರು ನೊಕ್ಕಿನ್ರು?" ಎಂದು ಕೇಳಿದರು, ಯಾರು ಒತ್ತಿದರು ಎಂದು. ಯಾರೂ ಬಾಯಿ ಬಿಡಬೇಕಾಗಿರಲಿಲ್ಲ. ನಾನಾಗಲೇ ಊರಿಗೆಲ್ಲ ಕೇಳುವಂತೆ ಸಾರಿದ್ದೆ.

ಹಳೆಯ ಆವೃತ್ತಿಗೆ ಮರಳಿದ್ದು ಹತ್ತು ನಿಮಿಷದ ಕೆಲಸ. ಕೆಟ್ಟ ನಾನೂರು ಫೈಲುಗಳದ್ದೇ ತಲೆನೋವು. ಕೇಂದ್ರಗಳಲ್ಲಿ ಮೂಲ ಉಳಿದದ್ದು ಕೆಲವಷ್ಟೇ, 'ತಲುಪಿತು' ಎಂದ ಮೇಲೆ ಹೆಚ್ಚಿನವು ಅಲ್ಲಿ ಅಳಿಸಿಹೋಗುತ್ತವೆ. ಅವುಗಳನ್ನು ಉಪ್ಪಲ್‌ನ ಕೋಣೆಯೊಳಗೆ ಕೂತೇ ಸರಿಮಾಡಬೇಕು, ಹೊರಗಿನಿಂದ ಓದಬಹುದಷ್ಟೇ, ತಿದ್ದಲು ಬಿಡುವುದಿಲ್ಲ. ಬುಧವಾರ ಬೆಳಿಗ್ಗೆ ನಾನೂ ಮಾಸ್ತರ್ರೂ ರಾಯದುರ್ಗ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆವು. ಊರಿನ ಈ ತುದಿಯಿಂದ ಆ ತುದಿ. ದಾರಿಯುದ್ದಕ್ಕೂ ನಾನು ಅವರ ಜೊತೆ ಮಾತಾಡಲಿಲ್ಲ. ಅವರು ಕಂಬಿ ಹಿಡಿದು ನಿಂತೇ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು.

ನಾನು ಬರೆದ ಸ್ಕ್ರಿಪ್ಟ್ ಸರಳವಾಗಿತ್ತು: ಮೊದಲ ಸಾಲು ಕತ್ತರಿಸು, ಕೊನೆಯ ಬಾಲ ಕತ್ತರಿಸು, ಉಳಿದದ್ದನ್ನು ಅದೇ ಜಾಗಕ್ಕೆ ಬರೆ. ಓಡಿಸಲು ಹೊರಟಾಗ ಮಾಸ್ತರ್ರು ಅಡ್ಡ ಬಂದರು. "ಮೊದ್ಲ ಎಲ್ಲಾದಕ್ಕೂ ಒಂದೊಂದ್ ಪ್ರತಿ ತೆಗದಿಡೂಣ್ರಿ."

"ಹೊತ್ತಾಗ್ತೈತಿ ಮಾಸ್ತರ್. ಅಲ್ಲಿ ಡಾಕ್ಟರು ಕಾಯಾಕತ್ತಾರ."

"ಅರ್ಧ ತಾಸು, ಮೇಡಂ."

ಕೋಣೆಯ ಹೆಣ್ಣುಮಗಳು ಅವರ ಪರವಾಗಿ ತಲೆಯಾಡಿಸಿದಳು. ನನ್ನನ್ನು ಆಕೆ ಇನ್ನೂ ಕ್ಷಮಿಸಿರಲಿಲ್ಲ. ಹಲ್ಲು ಕಚ್ಚಿಕೊಂಡು ಪ್ರತಿ ತೆಗೆಸಿದೆ. ಪುಣ್ಯ. ನನ್ನ ಸ್ಕ್ರಿಪ್ಟು ಸಣ್ಣ ಫೈಲುಗಳನ್ನೆಲ್ಲ ಸರಿ ಮಾಡಿತು, ದೊಡ್ಡವನ್ನು ಮೊದಲಿಗಿಂತ ಹದಗೆಡಿಸಿತು. ಗಡ್ಡೆಯ ಚಿತ್ರಗಳಿರುವ ವರದಿಗಳು ದೊಡ್ಡವು. ಅವನ್ನು ಲೈಬ್ರರಿ ತುಂಡು ತುಂಡಾಗಿ ಕಳಿಸಿತ್ತು, ಪ್ರತಿ ತುಂಡಿನ ಮುಂದೆಯೂ ಒಂದು ಗಾತ್ರದ ಸಾಲು ಹೊಟ್ಟೆಯೊಳಗೆ ಹೂತುಹೋಗಿತ್ತು. ನಾನು ತಲೆ ಬಾಲ ಕತ್ತರಿಸಿದ್ದೆ, ಹೊಟ್ಟೆ ನೋಡಿರಲಿಲ್ಲ. ಪ್ರತಿ ಇರದಿದ್ದರೆ ಅಲ್ಲಿಯೇ ನನ್ನ ಕಥೆ ಮುಗಿಯುತ್ತಿತ್ತು.

ಮೆಟ್ರೋದಲ್ಲಿ ಮಾಸ್ತರ್ರು ಬರೆಯುತ್ತಿದ್ದದ್ದು ಇದೇ. ಗಾತ್ರ ಓದು, ಅಷ್ಟು ಬೈಟು ಎತ್ತಿಡು, ಮುಂದಿನ ಗಾತ್ರ ಓದು, ಸೊನ್ನೆ ಬರುವ ತನಕ ನಡೆ. ಅದನ್ನೇ ಬರೆದು ಓಡಿಸಿದೆವು. ಕೇಂದ್ರಗಳಲ್ಲಿ ಮೂಲ ಉಳಿದಿದ್ದ ಮೂವತ್ತು ಫೈಲುಗಳನ್ನು ಆರಿಸಿ ಅದರ ಜೊತೆ ಹೋಲಿಸಿದೆವು, ಕೋಣೆಯವಳು ತನ್ನ ಫೋನಿನಲ್ಲಿ ಒಂದೊಂದನ್ನೇ ತೆರೆದು ನೋಡಿದಳು. ಸಂಜೆ ಐದಕ್ಕೆ ಎಲ್ಲ ಮುಗಿಯಿತು. ಆಕೆ ಮಾಸ್ತರ್ರಿಗೆ ಮಾತ್ರ ಚಹಾ ತರಿಸಿಕೊಟ್ಟಳು.

ಗುರುವಾರ ವರದಿ ಬರೆಯುವ ದಿನ. ಏನಾಯಿತು, ಯಾಕಾಯಿತು, ಇನ್ನು ಮುಂದೆ ಏನು ಮಾಡುತ್ತೇವೆ ಎಂದು ಗಿರಾಕಿಗೆ ಬರೆದುಕೊಡಬೇಕು. ಮ್ಯಾನೇಜರ್ ನನ್ನನ್ನು ಗಾಜಿನ ಕೋಣೆಗೆ ಕರೆದರು. ಅವರ ಮಾತು ನೇರ. ಗಿರಾಕಿ ಕಾರಣ ಕೇಳುತ್ತಾರೆ, ಟಿಪ್ಪಣಿ ಓದದೆ ಒಪ್ಪಿಗೆ ಒತ್ತಿದ ಹೊಸಬರ ತಪ್ಪು ಎಂದು ಬರೆಯಿರಿ, ಹೇಗೂ ಅವರ ಅವಧಿ ನಾಳೆಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದರೆ ವಿಷಯ ಮುಗಿಯಿತು. ಯಾವ ದಿನ, ಎಷ್ಟು ಹೊತ್ತಿಗೆ ಒತ್ತಿದರು ಎಂಬ ಪುರಾವೆಯನ್ನೂ ಸೇರಿಸಿ.

ನನಗೆ ಕಸಿವಿಸಿಯಾಯಿತು. ಫೈಲಿನ ರೋಗ ಪತ್ತೆ ಹಚ್ಚಿದವರು ಅವರು, ಔಷಧಿ ಬರೆದವರೂ ಅವರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಇದು ಎಂದು ಮನಸ್ಸು ಹೇಳುತ್ತಿತ್ತು. ಆದರೂ ಓದದೆ ಒತ್ತಿದ್ದು ಹೌದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಪುರಾವೆ ಹುಡುಕಲು ಕೂತೆ. ಹಿಂದಿನ ವಾರದ ಶುಕ್ರವಾರದ ಚಾಟ್ ತೆರೆದೆ.

ಸಂಜೆ ನಾಲ್ಕೂ ಹತ್ತಕ್ಕೆ ಮಾಸ್ತರ್ರು ನನಗೆ ಬರೆದಿದ್ದರು: "ಮೇಡಂ, ಸ್ಟೋರೇಜ್ ಲೈಬ್ರರಿ ಅಪ್‌ಡೇಟ್ ಟಿಪ್ಪಣಿಯ ಹದಿನಾಲ್ಕನೇ ಸಾಲು ನೋಡಿದಿರಾ? ಫೈಲಿನ ಜೊತೆ ತಾಳೆಯ ಸಂಖ್ಯೆ ಹೋಗುತ್ತದಂತೆ. ಉಪ್ಪಲ್ ಯಂತ್ರಕ್ಕೆ ಇದು ಅರ್ಥವಾಗುವುದೋ ಇಲ್ಲವೋ ಎಂದು ಸಂಶಯ. ಸೋಮವಾರ ಅಲ್ಲಿ ಟೆಸ್ಟ್ ಮಾಡಿ ನಂತರ ಒತ್ತಲೇ?"

ಕೆಳಗೆ ನಾಲ್ಕೂ ಹನ್ನೊಂದಕ್ಕೆ ನನ್ನ ಉತ್ತರ: "ಪ್ರಸಾದ. ಒತ್ತಿ."

ಎರಡೇ ಮಾತು. ಆ ಹೊತ್ತಿನಲ್ಲಿ ನಾನು ಕ್ಯಾಬಿನಲ್ಲಿದ್ದೆ, ಫ್ಲೈಓವರಿನ ಮೇಲೆ ಗಾಡಿಗಳು ನಿಂತುಬಿಟ್ಟಿದ್ದವು, ಡ್ರೈವರ್ ಮೇಲೆ ರೇಗುತ್ತಿದ್ದೆ. ವಾರಕ್ಕೆ ಮೂವತ್ತು ಸಲ ಆ ಎರಡು ಮಾತು ಬರೆಯುತ್ತೇನೆ. ಬರೆದದ್ದು ನೆನಪೇ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು. ಪ್ರಸಾದ ಎಂಬ ಹೆಸರಿಟ್ಟವಳು ನಾನು. ಮೊದಲ ಅಂಕಿ ಬದಲಾಗದಿದ್ದರೆ ಓದಬೇಕಿಲ್ಲ ಎಂಬ ನಿಯಮ ಬರೆದವಳೂ ನಾನೇ. ನಿಯಮ ಬರೆದವಳೆಂದು ಸರದಿ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ.

ಓದಿದವರು ಅವರು. ಓದದವಳು ನಾನು. ಓದಾಕ ಬರಂಗಿಲ್ಲೇನ್ರಿ ಎಂದು ನಾಲ್ಕು ಜನರ ನಡುವೆ ಕೇಳಿದವಳೂ ನಾನೇ. ಥೂ ಎಂದು ಬಾಯಿಬಿಟ್ಟೇ ಅಂದೆ. ಪಕ್ಕದ ಮೇಜಿನವರು ಹೆಡ್‌ಫೋನ್ ತೆಗೆದು ನೋಡಿದರು.

ಮಾಸ್ತರ್ರು ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ. ಅವರ ಎದುರು ಫೋನನ್ನು ಇಟ್ಟೆ.

"ಇದು ನಿಮಗ ಗೊತ್ತಿತ್ತಲ್ರಿ?"

ನೋಡಿದರು. "ಗೊತ್ತಿತ್ರಿ."

"ಮತ್ತ ಯಾಕ್ ಬಾಯಿ ಬಿಡ್ಲಿಲ್ಲ? ನಾ ಅಷ್ಟ್ ಒದರಾಕತ್ತಿದ್ನಲ್ಲ, ಆಗ ಮಾರಿಗೆ ಹಿಡೀಬೇಕಿಲ್ಲೇನು ಇದನ್ನ? ನಿಮ್ಮ ಒಳ್ಳೇತನಕ್ಕಿಷ್ಟು ಬೆಂಕಿ ಹಾಕ! ನೌಕ್ರಿ ಕೊಡಿಸಿದ್ಲು ಅಂತ ಉಪಕಾರ ತೀರಸಾಕ ಹೊಂಟಿದ್ರೇನು?"

"ಒಳ್ಳೇತನ ಅಲ್ರಿ ಮೇಡಂ," ಎಂದರು ಮಾಸ್ತರ್ರು. "ಹೆದರಿಕಿ. ಎಲ್ಲಾರ ಮುಂದ ಹೇಳಿದ್ರ ನೀವು ನನ್ನ ಬಿಡ್ತಿದ್ರೇನ್ರಿ?"

ಆರು ತಿಂಗಳಲ್ಲಿ ನಾನು ಅವರಿಗೆ ಪ್ರೋಗ್ರಾಮಿಂಗ್ ಕಲಿಸಿದ್ದೆನೋ ಇಲ್ಲವೋ, ಬಾಯಿ ಮುಚ್ಚಿಕೊಂಡಿರುವುದನ್ನು ಚೆನ್ನಾಗಿ ಕಲಿಸಿದ್ದೆ.

"ಊಟಾ ಮಾಡ್ರಿ," ಎಂದು ಹೇಳಿ ಮೇಲೆ ಬಂದೆ. ವರದಿಯನ್ನು ಮೊದಲಿನಿಂದ ಬರೆದೆ. ಕಾರಣ ಎಂಬಲ್ಲಿ: ತಂಡದ ಮುಖ್ಯಸ್ಥೆ ಬರೆದ ನಿಯಮ, ಮತ್ತು ಸಂಶಯ ಎತ್ತಿದ ಸಹೋದ್ಯೋಗಿಗೆ ಆಕೆ ಓದದೆ ಕೊಟ್ಟ ಸೂಚನೆ. ಪುರಾವೆ ಎಂಬಲ್ಲಿ ಚಾಟಿನ ಚಿತ್ರ.

ಮ್ಯಾನೇಜರ್ ಓದಿ ಕನ್ನಡಕ ತೆಗೆದರು. "ಗಿದಂತಾ ಎಂದುಕು ಮೇಡಂ ಮೀಕು?" ಇದೆಲ್ಲ ನಿಮಗೇಕೆ ಬೇಕು. ಅರ್ಧ ಗಂಟೆಯಲ್ಲಿ ವರದಿ ತಿರುಗಿ ಬಂತು. ಚಿತ್ರ ಇರಲಿಲ್ಲ. ಕಾರಣದ ಜಾಗದಲ್ಲಿ 'ಮಾನವ ದೋಷ' ಎಂದಿತ್ತು, ಒತ್ತಿದವರ ಹೆಸರಿನ ಜಾಗದಲ್ಲಿ ಮಾಸ್ತರ್ರ ಹೆಸರು ಹಾಗೇ ಇತ್ತು. ನಾನು ಬರೆದದ್ದನ್ನು ನನ್ನದೇ ಸಹಿಯ ಮೇಲೆ ತಿದ್ದಿ ಕಳಿಸಿದ್ದರು. ಮೈಯೆಲ್ಲ ಉರಿಯಿತು. ಆದರೆ ಎದ್ದು ಹೋಗಿ ಕೂಗಾಡಲಿಲ್ಲ. ಮಂಗಳವಾರ ಕೂಗಾಡಿ ನೋಡಿದ್ದೆನಲ್ಲ, ಅದರಿಂದ ಯಾರ ತಲೆ ಹೋಗುವುದಿತ್ತು ಎಂಬುದನ್ನೂ ನೋಡಿದ್ದೆ. ಶುಕ್ರವಾರದ ತನಕ ಆ ಸಿಟ್ಟನ್ನು ಕೆಡದಂತೆ ಇಟ್ಟುಕೊಂಡೆ.

ಶುಕ್ರವಾರ ಹನ್ನೊಂದಕ್ಕೆ ಗಿರಾಕಿಯ ಜೊತೆ ವಿಡಿಯೋ ಕರೆ. ಅವರ ಕಡೆಯಿಂದ ಮೂವರು, ಉಪ್ಪಲ್‌ನ ಕೋಣೆಯವಳೂ ಇದ್ದಳು. ಮ್ಯಾನೇಜರ್ ತಿದ್ದಿದ ವರದಿ ತೋರಿಸಿ, ಇನ್ನು ನೀವು ವಿವರಿಸಿ ಎಂದು ನನಗೆ ಬಿಟ್ಟರು. ನಾನು ಪರದೆಯ ಮೇಲೆ ಆ ಚಾಟ್ ತೆರೆದೆ. ಅದು ಕನ್ನಡದಲ್ಲಿತ್ತು, ಹಾಗಾಗಿ ಒಂದೊಂದು ಸಾಲನ್ನೂ ಹಿಂದಿಯಲ್ಲಿ ಹೇಳಿದೆ. ಸಂಶಯ ಬಂದದ್ದು ಇವರಿಗೆ. ಟೆಸ್ಟ್ ಮಾಡೋಣ ಎಂದದ್ದು ಇವರು. ಬೇಡ, ಒತ್ತಿ ಎಂದದ್ದು ನಾನು. ನಿಮ್ಮ ಫೈಲುಗಳನ್ನು ಉಳಿಸಿದ ಪ್ರತಿ ತೆಗೆಸಿದ್ದೂ ಇವರೇ, ನಾನು ಬೇಡ ಎಂದಿದ್ದೆ.

ಮ್ಯಾನೇಜರ್ ತಮ್ಮ ಮೈಕ್ ಬಂದ್ ಮಾಡಿಕೊಂಡರು.

"ಸಚ್ ಬೋಲೇ ಮೇಡಂ," ಎಂದಳು ಕೋಣೆಯವಳು. ನಿಜ ಹೇಳಿದಿರಿ. ನಂತರ, "ಔರ್ ವೋ ಸರ್ ಕೋ ನಕ್ಕೋ ನಿಕಾಲೋ," ಎಂದು ತಾನಾಗಿಯೇ ಸೇರಿಸಿದಳು, ಆ ಸರ್‌ನ ತೆಗೆಯಬೇಡಿ ಎಂದು. ತೆಗೆಯುವ ವಿಷಯ ಆಕೆಗೆ ಹೇಗೆ ತಿಳಿಯಿತೋ ದೇವರೇ ಬಲ್ಲ. ಅವಳ ಪಕ್ಕದ ದೊಡ್ಡವರೊಬ್ಬರು ನಕ್ಕು ಹೌದು ಎಂಬಂತೆ ಕೈಯಾಡಿಸಿದರು. ಅಷ್ಟಾದ ಮೇಲೆ ಯಾರ ಕಡತದಲ್ಲಿ ಏನು ಬರೆಯಲಾಗುತ್ತದೆ?

ಅದೇ ಸಂಜೆ ಮಾಸ್ತರ್ರಿಗೆ ಖಾಯಂ ಪತ್ರ ಬಂತು. ಸೋಮವಾರ ನನಗೂ ಒಂದು ಪತ್ರ ಬಂತು, ಮುಂದಿನ ಸೂಚನೆಯವರೆಗೆ ತಂಡದ ಮುಖ್ಯಸ್ಥೆಯ ಜವಾಬ್ದಾರಿಯಿಂದ ಬಿಡುಗಡೆ ಎಂದು. ಓದದೆ ಒತ್ತಿಸಿದ್ದಕ್ಕೆ ಅಲ್ಲ ಇದು. ಗಿರಾಕಿಯ ಮುಂದೆ ಬಾಯಿ ಬಿಟ್ಟದ್ದಕ್ಕೆ. ಓದದೆ ಒತ್ತಿಸಿದ್ದಕ್ಕೇ ಆಗಿದ್ದರೆ ತಲೆಬಾಗಿ ತೆಗೆದುಕೊಳ್ಳುತ್ತಿದ್ದೆ, ದೇವರಾಣೆ. ಈ ಸಿಟ್ಟು ಹೋಗುವುದಿಲ್ಲ, ಹೋಗುವುದೂ ಬೇಡ.

ಈಗ ಸರದಿ ಪಟ್ಟಿಯಲ್ಲಿ ಎಲ್ಲರಂತೆ ನನ್ನ ಹೆಸರೂ ಇದೆ. ಮೊದಲ ಸರದಿಯ ದಿನ ಬೆಳಿಗ್ಗೆ ಆರು ಕೋರಿಕೆಗಳಿದ್ದವು. ಐದನ್ನು ಓದಿ ಒತ್ತಿದೆ. ಆರನೆಯದು ಅದೇ ಲೈಬ್ರರಿ, ಬದಲಾದದ್ದು ಕೊನೆಯ ಅಂಕಿ ಮಾತ್ರ. ಟಿಪ್ಪಣಿ ಒಂಬತ್ತು ಸಾಲು. ಏಳನೆಯ ಸಾಲು ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ಮಾಸ್ತರ್ರಿಗೆ ಬರೆದೆ: "ಏಳನೇ ಸಾಲು ತಿಳಿಯಲಿಲ್ಲ. ಒತ್ತಲೇ, ನಿಲ್ಲಿಸಲೇ?"

ಒಂದು ನಿಮಿಷ ಉತ್ತರ ಇಲ್ಲ. ಎರಡು ನಿಮಿಷ ಇಲ್ಲ. ಪರದೆಯನ್ನೇ ನೋಡುತ್ತಾ ಕೂತೆ. ಇಷ್ಟು ಸಣ್ಣದನ್ನು ಕೇಳಬಾರದಿತ್ತೇನೋ, ಏನಂದುಕೊಳ್ಳುತ್ತಾರೋ ಎನಿಸಿ ಬರೆದದ್ದನ್ನು ಅಳಿಸಿಬಿಡಲೇ ಎಂದುಕೊಂಡೆ. ಆ ಶುಕ್ರವಾರ ನಾಲ್ಕೂ ಹತ್ತರಿಂದ ನಾಲ್ಕೂ ಹನ್ನೊಂದರ ತನಕ ಅವರೂ ಹೀಗೇ ಕೂತಿದ್ದಿರಬೇಕು.

ಅವರು ಉತ್ತರ ಬರೆಯಲಿಲ್ಲ. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಮಾಸ್ತರ್ರು ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿಕೊಂಡು, "ಎಲ್ಲೈತಿ, ತೋರಸ್ರಿ," ಎಂದರು.